ಮುಪ್ಪಿನ ಶುಶ್ರೂಷೆ: ಕಾಯಕವೋ, ಬರಿಯ ಋಣವೋ?

ಎಪ್ಪತ್ತು ದಾಟಿದ ನಿವೃತ್ತನೊಬ್ಬನು ಹಾಸಿಗೆ ಹಿಡಿದ ಮಡದಿಗೆ ಸ್ನಾನ ಮಾಡಿಸಿ, ಉಣಿಸಿ, ರಾತ್ರಿ ಹಲವು ಬಾರಿ ಎದ್ದು ಮಗ್ಗುಲು ಹೊರಳಿಸುವನು. ಅಂಥವನಿಗೆ ಪಿಂಚಣಿಯಲ್ಲದೆ ಬೇರೆ ಧನಸಹಾಯವೂ ಸಲ್ಲಬೇಕೆಂದರೆ ಕೆಲವರು ಒಪ್ಪರು. ಮನೆಯವರ ಸೇವೆಗೆ ಕೂಲಿಯೇ? ಕೂಲಿ ಪಡೆದ ಮೇಲೆ ಅದು ಧರ್ಮವೆನಿಸುವುದೆಂತು? ಎಂಬುದು ಅವರ ಆಕ್ಷೇಪ. ಇದು ತಳ್ಳಿಹಾಕತಕ್ಕ ಮಾತಲ್ಲ, ವಿಚಾರಿಸಿ ನೋಡತಕ್ಕದ್ದು.

ಬ್ರಿಟನ್ನಿನಲ್ಲಿ ಈ ಪ್ರಶ್ನೆಯು ಶಾಸನದೊಳಗೇ ಸೇರಿಕೊಂಡಿದೆ. ವಾರಕ್ಕೆ 35 ಗಂಟೆಗಳಿಗೆ ಕಡಮೆಯಿಲ್ಲದೆ ರೋಗಿಯನ್ನು ನೋಡಿಕೊಳ್ಳುವವರಿಗೆ ಭತ್ಯೆ ಕೊಡುವ ಏರ್ಪಾಡು ಅಲ್ಲಿ 1976ರಲ್ಲಿ ಆರಂಭವಾಯಿತು. ಮೊದಲು ವಿವಾಹಿತ ಸ್ತ್ರೀಯರಿಗೆ ಅದು ಸಲ್ಲುತ್ತಿರಲಿಲ್ಲ. ಆ ತಡೆಯು 1986ರಲ್ಲಿ ತೊಲಗಿತು. ಅರವತ್ತೈದು ಮೀರಿದವರು ಹೊಸದಾಗಿ ಬೇಡಬಾರದೆಂಬ ನಿಯಮವು 2002ರಲ್ಲಿ ರದ್ದಾಯಿತು. ಆದರೂ ಸರ್ಕಾರದ ವೃದ್ಧಾಪ್ಯ ಪಿಂಚಣಿಯು ಆ ಭತ್ಯೆಯಷ್ಟು ಅಥವಾ ಅದಕ್ಕೂ ಹೆಚ್ಚಾಗಿದ್ದರೆ ಭತ್ಯೆಯು ಕೈಗೆ ಬಾರದು. ಎರಡೂ ಗಳಿಕೆಯ ನಷ್ಟವನ್ನು ತುಂಬತಕ್ಕವು, ಆದುದರಿಂದ ಒಂದೇ ಸಾಕು ಎಂಬುದು ಅಲ್ಲಿನ ತರ್ಕ. ಬಡ ವೃದ್ಧರಿಗೆ ಮಾತ್ರ ಬೇರೊಂದು ನೆರವಿನಲ್ಲಿ ಸ್ವಲ್ಪ ಹೆಚ್ಚಳವುಂಟು.

ಭಾರತದಲ್ಲಿಯಾದರೋ, 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಹೇಳಿದೆ. ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಮಾತನ್ನೂ ಸೇರಿಸಿದೆ. ವೃದ್ಧಾಪ್ಯ ವೇತನವು ಮುದುಕನ ವಯಸ್ಸನ್ನೂ ಬಡತನವನ್ನೂ ನೋಡುತ್ತದೆ. ಅವನು ಇನ್ನೊಬ್ಬರನ್ನು ನೋಡಿಕೊಳ್ಳುತ್ತಿರುವುದನ್ನು ನೋಡದು.

ಶರಣರ ದೃಷ್ಟಿಯಲ್ಲಿ ಇದಕ್ಕೆ ಪರಿಹಾರವೇನು? ಪ್ರತಿಫಲವಿಲ್ಲದ ದುಡಿಮೆಯೇ ಕಾಯಕವೆಂದು ಅವರು ಬೋಧಿಸಲಿಲ್ಲ. ಸತ್ಯಶುದ್ಧವಾದ ಕಾಯಕದಿಂದ ಬಂದ ದ್ರವ್ಯವೇ ದಾಸೋಹಕ್ಕೆ ಸಲ್ಲುವುದೆಂದರು. ಆಯ್ದಕ್ಕಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮನು ಹೇಳಿದ ಪ್ರಸಂಗವು ಎಲ್ಲರಿಗೂ ತಿಳಿದದ್ದೇ. ಆ ತಾಯಿಯು ನಿರಾಕರಿಸಿದ್ದು ಅಕ್ಕಿಯನ್ನಲ್ಲ, ಆಸೆಯನ್ನು. ದಿನದ ಅಗತ್ಯಕ್ಕೆ ಬೇಕಾದುದನ್ನು ಸ್ವೀಕರಿಸಲು ಅವಳು ಸಂಕೋಚಪಡಲಿಲ್ಲ.

ಈ ಅಳತೆಯಿಂದ ನೋಡಿದರೆ ಒಂದೇ ಸಾಕೆಂಬ ತರ್ಕದ ದೋಷವು ಕಾಣುವುದು. ದುಡಿದು ಪಡೆದ ಪಿಂಚಣಿಯು ಹಿಂದೆ ಮಾಡಿ ಮುಗಿಸಿದ ಕಾಯಕದ ಫಲ. ಶುಶ್ರೂಷೆಯು ಇಂದು, ಈ ರಾತ್ರಿ, ಬಾಗಿದ ಬೆನ್ನಿನಿಂದ ಮಾಡುತ್ತಿರುವ ಕಾಯಕ. ಒಂದರ ಫಲವನ್ನು ತೋರಿಸಿ ಇನ್ನೊಂದನ್ನು ಇಲ್ಲವೆನ್ನುವುದು ನ್ಯಾಯವಲ್ಲ.

ಪ್ರೀತಿಗೆ ಬೆಲೆ ಕಟ್ಟಲಾಗದೆಂಬ ಮಾತು ದಿಟ. ಆದರೆ ದೀಪಕ್ಕೆರೆದ ಎಣ್ಣೆಯು ಬೆಳಕಿನ ಬೆಲೆಯಲ್ಲ. ಎಣ್ಣೆಯಿಲ್ಲದೆ ದೀಪವು ನಿಲ್ಲುವುದೂ ಇಲ್ಲ. ಔಷಧಕ್ಕೆ, ಹಾಲಿಗೆ, ವಾರದಲ್ಲೊಂದು ದಿನ ಆಳನ್ನಿರಿಸಿ ನಿದ್ರಿಸುವುದಕ್ಕೆ ಬೇಕಾದ ಹಣವು ಸೇವೆಯನ್ನು ಮಾರಿದಂತೆ ಆಗದು. ಬಂದುದನ್ನು ರೋಗಿಯ ಹೊರತು ಅನ್ಯಕ್ಕೆ ಬಳಸದಿರುವುದು, ಅಗತ್ಯ ಮೀರಿ ಬೇಡದಿರುವುದು ಪಡೆಯುವವನ ಧರ್ಮ.

ಕೊಡುವವರ ಧರ್ಮವೂ ಒಂದುಂಟು. ಸರ್ಕಾರದ ಆಜ್ಞೆಗಾಗಿ ಕಾಯಬೇಕಾಗಿಲ್ಲದವರು ಮಕ್ಕಳು, ಬಂಧುಗಳು, ನೆರೆಯವರು. ‘ಎಂಥ ಪುಣ್ಯಾತ್ಮ’ ಎಂದು ಆ ವೃದ್ಧನನ್ನು ಹೊಗಳಿ ತಮ್ಮ ಮನೆಗೆ ಹಿಂದಿರುಗುವುದು ದಾಸೋಹವಾಗದು. ತಿಂಗಳ ಗಳಿಕೆಯಲ್ಲೊಂದು ಪಾಲನ್ನು ಅವನ ಮನೆಗೆ ಮುಟ್ಟಿಸಿ, ಒಂದು ರಾತ್ರಿ ರೋಗಿಯ ಬಳಿ ತಾವೇ ಎಚ್ಚರವಿದ್ದು, ಅವನಿಗೆ ನಿದ್ರೆಯನ್ನು ಕೊಡುವವನೇ ದಾಸೋಹಿ.