ಆ ಇಪ್ಪತ್ತಾರು ಮಂದಿ

ಚರ್ನಿ ರೋಡ್‌ನಲ್ಲಿ ಇಳಿದು ಒಪೆರಾ ಹೌಸ್ ಕಡೆ ನಡೆಯುವಾಗಲೆಲ್ಲ ನನಗೆ ‘ಸ್ಪೆಷಲ್ 26’ ನೆನಪಾಗುತ್ತದೆ. 2013ರಲ್ಲಿ ಬಂದ ನೀರಜ್ ಪಾಂಡೆಯವರ ಸಿನಿಮಾ. ಅಕ್ಷಯ್ ಕುಮಾರ್ ನಕಲಿ ಸಿಬಿಐ ಅಧಿಕಾರಿ, ಬೆನ್ನು ಹತ್ತುವ ಅಸಲಿ ಅಧಿಕಾರಿ ಮನೋಜ್ ಬಾಜಪೇಯಿ. ಕೊನೆಗೆ ಗೆಲ್ಲುವವನು ಕಳ್ಳ. ಥಿಯೇಟರಿನಲ್ಲಿ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ.

ಇದರ ಹಿಂದೊಂದು ನಿಜ ಘಟನೆಯಿದೆ. 1987ರ ಮಾರ್ಚ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಜಾಹೀರಾತು ಬಂತು: ಗುಪ್ತಚರ, ಭದ್ರತಾ ಅಧಿಕಾರಿ ಹುದ್ದೆಗಳಿಗೆ ಪದವೀಧರರು ಬೇಕಾಗಿದ್ದಾರೆ. ಮೋನ್ ಸಿಂಗ್ ಎಂದು ಹೇಳಿಕೊಂಡವನೊಬ್ಬ ತಾಜ್ ಹೋಟೆಲಿನಲ್ಲಿ ಸಂದರ್ಶನ ನಡೆಸಿ 26 ಮಂದಿಯನ್ನು ಆರಿಸಿದ. ಮಾರ್ಚ್ 19ರಂದು ಅವರನ್ನು ಒಪೆರಾ ಹೌಸ್‌ನ ತ್ರಿಭುವನದಾಸ್ ಭೀಮ್‌ಜಿ ಝವೇರಿ ಮಳಿಗೆಗೆ ‘ದಾಳಿ’ಗೆ ಕರೆತಂದ. ಸೆರಗಿನಲ್ಲಿ ಬಳೆ ಅಡಗಿಸಿಕೊಂಡು ಹೋಗುವ ಅಂಗಡಿಗಳ್ಳತನವಲ್ಲ ಇದು. ಹಾಡಹಗಲೇ, ಎಲ್ಲರ ಕಣ್ಣೆದುರೇ ಒಡವೆಗಳು ಬ್ರೀಫ್‌ಕೇಸ್ ಸೇರಿದವು. ಕಾವಲಿಗೆ ಹುಡುಗರನ್ನು ನಿಲ್ಲಿಸಿ ಅವನು ಹೊರಟುಹೋದ. ಮತ್ತೆ ಸಿಗಲೇ ಇಲ್ಲ.

ಸಿನಿಮಾದ ಹೆಸರು ಆ ಇಪ್ಪತ್ತಾರು ಮಂದಿಯದು, ಕತೆ ಮಾತ್ರ ಅವರದಲ್ಲ. ಸಿನಿಮಾದಲ್ಲಿ ಸಿಬಿಐಗೆ ಮೊದಲೇ ಸುಳಿವು ಸಿಕ್ಕಿರುತ್ತದೆ. ಕಳ್ಳರನ್ನು ಕೈಯಲ್ಲಿ ಮಾಲಿರುವಾಗಲೇ ಹಿಡಿಯಬೇಕೆಂದು ಸಂದರ್ಶನ ನಡೆಯಲು ಬಿಟ್ಟು, ಅಂಗಡಿಯಲ್ಲಿ ಹೊಂಚು ಹಾಕುತ್ತಾರೆ. ಹುಡುಗರನ್ನು ಎಚ್ಚರಿಸಿದರೆ ಬಲೆ ಹರಿದುಹೋಗುತ್ತದೆ, ಸರಿ. ಆದರೆ ಕಳ್ಳ ಅವರನ್ನು ಕಾವಲಿಗೆ ಬಳಸಿದ, ಪೊಲೀಸರು ಗಾಳಕ್ಕೆ ಎರೆಯಾಗಿ ಬಳಸಿದರು. ಉದ್ದೇಶ ಬೇರೆ ಎಂಬುದನ್ನು ಒಪ್ಪುತ್ತೇನೆ. ಬಳಕೆಯಾದವನಿಗೆ ಆ ವ್ಯತ್ಯಾಸದಿಂದ ಏನು ಸಿಕ್ಕಿತು?

ಹಾಗಾದರೆ ಅವರು ಬರೀ ಬಲಿಪಶುಗಳೇ? ಇಲ್ಲಿ ನನ್ನ ಮನಸ್ಸು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಭಾರತೀಯ ದಂಡ ಸಂಹಿತೆಯ 79ನೇ ಕಲಂ, ಕಾನೂನುಬದ್ಧ ಕೆಲಸವೆಂದು ಸದ್ಭಾವನೆಯಿಂದ ತಪ್ಪು ತಿಳಿದು ಮಾಡಿದವನನ್ನು ಕ್ಷಮಿಸುತ್ತಿತ್ತು. ಆದರೆ ಅದೇ ಸಂಹಿತೆಯ 52ನೇ ಕಲಂ ಒಂದು ಗಂಟು ಹಾಕಿತ್ತು: ತಕ್ಕ ಎಚ್ಚರಿಕೆ, ಗಮನ ಇಲ್ಲದೆ ಮಾಡಿದ್ದು ಸದ್ಭಾವನೆಯೇ ಅಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ‘ಸಾರ್, ನಿಮ್ಮ ಗುರುತಿನ ಚೀಟಿ ತೋರಿಸಿ’ ಎಂದು ಯಾರು ಕೇಳುತ್ತಾರೆ? ಊರಲ್ಲಿ ಅಮ್ಮ ಆಗಲೇ ನೆರೆಮನೆಗೆ ಸಕ್ಕರೆ ಹಂಚಿರುತ್ತಾಳೆ.

ನಾನಂತೂ ಕೇಳಲಿಲ್ಲ. ಮುಂಬಯಿಗೆ ಬಂದ ಮೊದಲ ವರ್ಷ, ಗೋದಾಮಿನ ಸ್ಟಾಕ್ ಪಟ್ಟಿಯನ್ನು ಮ್ಯಾನೇಜರ್ ಮುಂದಿಟ್ಟಾಗ ಒಂದು ಪೆಟ್ಟಿಗೆಯನ್ನೂ ಎಣಿಸದೆ ‘ಪರಿಶೀಲಿಸಿದೆ’ ಎಂದು ಸಹಿ ಹಾಕಿದೆ. ಕೆಲವು ತಿಂಗಳ ಮೇಲೆ ಸರಕು ಕಡಿಮೆ ಬಿತ್ತು. ಕೆಲಸ ಕಳೆದುಕೊಂಡವನು ಹಮಾಲ. ನನ್ನನ್ನು ಯಾರೂ ವಿಚಾರಿಸಲಿಲ್ಲ, ಸಹಿ ಇತ್ತಲ್ಲ. ಅವನು ಕದ್ದಿದ್ದನೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಎಣಿಸಿದ್ದರೆ ಗೊತ್ತಿರುತ್ತಿತ್ತು.

ಆ ಇಪ್ಪತ್ತಾರು ಮಂದಿಗೆ ಈಗ ಅರವತ್ತರ ಆಸುಪಾಸು. ಅವರಲ್ಲೊಬ್ಬರು ಸಂಜೆಯ ವಿರಾರ್ ಲೋಕಲ್‌ನಲ್ಲಿ ಪಕ್ಕದಲ್ಲೇ ಕೂತಿದ್ದರೆ ಕೇಳಬೇಕೆನಿಸುತ್ತದೆ: ಆ ಬ್ರೀಫ್‌ಕೇಸ್ ಬಾಗಿಲು ದಾಟುವಾಗ ನಿಮಗೆ ಒಂದು ಕ್ಷಣ ಅನುಮಾನ ಬಂದಿತ್ತೇ? ಬಂದಿದ್ದರೆ ಏನು ಮಾಡಿದಿರಿ?