ನಿನ್ನೆಯ ರೊಟ್ಟಿ ಯಾರ ತಟ್ಟೆಗೆ?



ಡೆನ್ಮಾರ್ಕ್ ದೇಶದ ಹಳ್ಳಿಗಳಲ್ಲಿ ಹಿಂದಿನಿಂದಲೂ ಮಾಡುತ್ತ ಬಂದಿರುವ ಒಂದು ಸೇಬಿನ ಕೇಕು ಇದೆ. ನಾವು ಬೇಕರಿಯಲ್ಲಿ ನೋಡುವ ಕೇಕಿಗೂ ಅದಕ್ಕೂ ಹೋಲಿಕೆಯಿಲ್ಲ. ಒಣಗಿಹೋದ ಬ್ರೆಡ್ಡನ್ನು ಪುಡಿಮಾಡಿ, ಬೆಣ್ಣೆ ಸಕ್ಕರೆ ಹಾಕಿ ಬಾಣಲೆಯಲ್ಲಿ ಕೆಂಪಗೆ ಹುರಿಯುತ್ತಾರೆ. ಸೇಬಿನ ಸಿಪ್ಪೆ ತೆಗೆದು, ಸ್ವಲ್ಪವೇ ನೀರಿನಲ್ಲಿ ಮೆತ್ತಗೆ ಬೇಯಿಸುತ್ತಾರೆ. ಆಮೇಲೆ ಬಟ್ಟಲಲ್ಲಿ ಒಂದು ಪದರ ಸೇಬು, ಒಂದು ಪದರ ಪುಡಿ, ಮತ್ತೆ ಸೇಬು, ಮತ್ತೆ ಪುಡಿ. ಕೊನೆಗೆ ಮೇಲೆ ಕಡೆದ ಕೆನೆ. ರೈ ಎಂಬ ಧಾನ್ಯದ ಕಪ್ಪು ಬ್ರೆಡ್ಡಿನಿಂದ ಮಾಡಿದರೆ ಅದನ್ನು 'ಮುಸುಕು ಹೊದ್ದ ರೈತರ ಹುಡುಗಿ' ಎಂದು ಕರೆಯುತ್ತಾರೆ. ನಾರ್ವೆಯವರಲ್ಲೂ ಹೀಗೆಯೇ ಹೆಸರಿರುವ ತಿನಿಸು ಉಂಟು. ಬಡ ರೈತರ ಮನೆಯ ಹಳಸಲು ಬ್ರೆಡ್ಡೇ ಕೆನೆಯ ಮುಸುಕು ಹೊದ್ದು ಹಬ್ಬದ ಊಟಕ್ಕೆ ಬರುತ್ತದೆ.

ನಮ್ಮ ಯಾದಗಿರಿ ಕಡೆ ಸೇಬೆಂದರೆ ಆಸ್ಪತ್ರೆಗೆ ಹೋಗುವಾಗ ಕೊಳ್ಳುವ ಹಣ್ಣು. ಆದರೆ ಆ ಕೇಕಿನ ಅಕ್ಕ ತಂಗಿಯರು ನಮ್ಮಲ್ಲೂ ಇದ್ದಾರೆ. ಮಾದಲಿ ನಿಮಗೆಲ್ಲ ಗೊತ್ತು. ಗೋಧಿಯ ರೊಟ್ಟಿಯನ್ನು ಗಟ್ಟಿಯಾಗಿ ಸುಟ್ಟು, ಕುಟ್ಟಿ, ಜರಡಿ ಹಿಡಿದು, ಬೆಲ್ಲ, ಪುಠಾಣಿ, ಒಣಕೊಬ್ಬರಿ, ಗಸಗಸೆ, ಏಲಕ್ಕಿ ಬೆರೆಸಿ, ಬಿಸಿ ಹಾಲು ತುಪ್ಪದೊಡನೆ ಬಡಿಸುತ್ತೇವೆ. ಜಾತ್ರೆಗೂ ಮದುವೆಗೂ ಅದು ಬೇಕು. ಮನೆಯಲ್ಲಿ ಚಪಾತಿ ಉಳಿದರೆ, ಅದನ್ನೇ ಮುರಿದು ಬೆಲ್ಲ ತುಪ್ಪ ಕಲಸಿ ಮಕ್ಕಳ ಮುಂದಿಡುವ ತಾಯಂದಿರು ಎಷ್ಟಿಲ್ಲ!

ಇಷ್ಟೆಲ್ಲ ಹೇಳಲು ಕಾರಣ ನನ್ನದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ ಕ್ರಿಸ್ಮಸ್ಸಿಗೆ ಗುರುಮನೆಗೆ ಎಂಟು ಕೇಕುಗಳು ಬಂದವು. ಮೂರು ರಾಯರ ಹಬ್ಬ ಬಂದರೂ ಮೂರು ಹಾಗೆಯೇ ಉಳಿದಿದ್ದವು, ಅಂಚೆಲ್ಲ ಒಣಗಿತ್ತು. ಎಸೆಯಲು ಮನಸ್ಸಾಗಲಿಲ್ಲ. ತುಂಡು ಮಾಡಿ, ಕಾಗದದಲ್ಲಿ ಸುತ್ತಿ, ಮುದನಾಳದ ಕೂಲಿಯವರ ಮನೆಗಳಿಗೆ ಹಂಚಲು ಒಯ್ದೆ. ದಾರಿಯುದ್ದಕ್ಕೂ ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ಸಮಾಧಾನವಿತ್ತು. ಮೊದಲ ಮನೆಯಲ್ಲೇ ಒಬ್ಬ ವೃದ್ಧ ತಾಯಿ ಪೊಟ್ಟಣ ಬಿಚ್ಚಿ, ಬೆರಳಿನಿಂದ ಒತ್ತಿ ನೋಡಿ ಕೇಳಿದರು: "ಫಾದರ್, ಇವತ್ತ ನೀವು ಇದನ್ನ ತಿಂದೀರೇನ್ರಿ?"

ನಾನು ತಿಂದಿರಲಿಲ್ಲ. "ಇಲ್ಲವ್ವಾ" ಅಂದೆ. ಆ ತಾಯಿಗೆ ಸಿಟ್ಟು ಬರಲಿಲ್ಲ. ಒಳಗೆ ಹೋಗಿ, ಹಿಂದಿನ ದಿನದ ಚಪಾತಿಯನ್ನು ಒರಳಿಗೆ ಹಾಕಿ ಬೆಲ್ಲದೊಡನೆ ಕುಟ್ಟಿದರು. ಎರಡು ತಟ್ಟೆಗೆ ಹಾಕಿ, ಒಂದನ್ನು ನನಗೆ ಕೊಟ್ಟು ಇನ್ನೊಂದನ್ನು ಹಿಡಿದು ಎದುರಿಗೆ ಕುಳಿತರು. "ನಿನ್ನೀದೇ ಅದ್ರಿ, ತಿನ್ರಿ" ಎಂದರು.

ಅವರ ಚಪಾತಿಯೂ ಹಳೆಯದು, ನನ್ನ ಕೇಕೂ ಹಳೆಯದು. ಹಾಗಾದರೆ ವ್ಯತ್ಯಾಸ ಎಲ್ಲಿತ್ತು? ಇದು ಸಣ್ಣ ಪ್ರಶ್ನೆಯೆಂದು ನನಗೆ ಅನ್ನಿಸುವುದಿಲ್ಲ.

ಉಳಿದದ್ದು ಕೀಳು ಎಂದು ಪವಿತ್ರ ಗ್ರಂಥ ಎಲ್ಲಿಯೂ ಹೇಳುವುದಿಲ್ಲ. ಐದು ಸಾವಿರ ಜನ ಉಂಡ ಮೇಲೆ ಪ್ರಭು ಯೇಸು ಚೂರುಗಳನ್ನು ಕೂಡಿಸಲು ಶಿಷ್ಯರಿಗೆ ಹೇಳಿದರು, ಹನ್ನೆರಡು ಬುಟ್ಟಿ ತುಂಬಿದವು ಎಂದು ಸಂತ ಯೊವಾನ್ನರು ಬರೆಯುತ್ತಾರೆ. 2013ರ ಜೂನ್ 5ರಂದು ಜಗದ್ಗುರು ಫ್ರಾನ್ಸಿಸ್‌ರವರು, ಆಹಾರವನ್ನು ಎಸೆಯುವುದು ಬಡವರ ಮೇಜಿನಿಂದ ಕದ್ದಂತೆ ಎಂಬ ಮಾತನ್ನು ಜನರ ಮುಂದಿಟ್ಟರು. ಹಾಗಾದರೆ ನಾನು ಎಸೆಯದಿದ್ದದ್ದು ಸರಿ. ಆದರೆ ಪ್ರವಾದಿ ಮಲಾಕಿಯ ಮಾತೂ ಇದೆಯಲ್ಲ! ಕುರುಡು, ಕುಂಟು ಪಶುಗಳನ್ನು ಬಲಿಗೆ ತರುತ್ತಿದ್ದವರಿಗೆ, ಇದನ್ನೇ ನಿಮ್ಮ ಅಧಿಕಾರಿಗೆ ಕೊಟ್ಟು ನೋಡಿ, ಮೆಚ್ಚುತ್ತಾನೆಯೇ ಎಂದು ಆತ ಕೇಳುತ್ತಾನೆ. ಆ ಮೂರು ಕೇಕುಗಳನ್ನು ನಾನು ಬಿಷಪರ ಮನೆಗೆ ಕಳುಹಿಸುತ್ತಿದ್ದೆನೇ? ಖಂಡಿತ ಇಲ್ಲ.

ಸೆಮಿನರಿಯಲ್ಲಿ ಸಂತ ಥಾಮಸ್ ಅಕ್ವಿನಾಸರನ್ನು ಓದಿದ್ದೆವು. ನಮ್ಮ ಅಗತ್ಯಕ್ಕೆ ಮೀರಿದ್ದು ನೈಸರ್ಗಿಕ ನಿಯಮದ ಪ್ರಕಾರವೇ ಬಡವರಿಗೆ ಸಲ್ಲಬೇಕಾದದ್ದು ಎನ್ನುತ್ತಾರೆ ಅವರು. ನಾವು ಬಚ್ಚಿಟ್ಟ ರೊಟ್ಟಿ ಹಸಿದವನದು ಎಂಬ ಅರ್ಥದ ಮಾತನ್ನು ಅವರಿಗಿಂತ ಬಹಳ ಮೊದಲು, ನಾಲ್ಕನೆಯ ಶತಮಾನದಲ್ಲಿ, ಸಂತ ಬೆಸಿಲರು ಹೇಳಿದ್ದರು. ಪರೀಕ್ಷೆಗೆ ಬಾಯಿಪಾಠ ಮಾಡಿದ್ದ ಈ ಮಾತಿನ ಅರ್ಥ ಆ ದಿನ ಒರಳಿನ ಮುಂದೆ ನನಗೆ ತಟ್ಟಿತು. ಅದು ಅವರದೇ ಆಗಿದ್ದರೆ, ನಾನು ಕೊಡುತ್ತಿರಲಿಲ್ಲ, ಹಿಂತಿರುಗಿಸುತ್ತಿದ್ದೆ. ಪಕ್ಕದ ಮನೆಯಿಂದ ಎರವಲು ತಂದ ಪಾತ್ರೆಯನ್ನು ತೊಳೆಯದೆ ಹಿಂದಕ್ಕೆ ಕೊಡುವವರನ್ನು ನಮ್ಮ ಹಳ್ಳಿಯಲ್ಲಿ ಏನೆಂದು ಕರೆಯುತ್ತಾರೆ? ನಾನು ಹನ್ನೆರಡು ದಿನ ಇಟ್ಟುಕೊಂಡು, ಒಣಗಿಸಿ ಹಿಂತಿರುಗಿಸಿದ್ದೆ.

ಇದಕ್ಕೆ ನಮ್ಮ ಧರ್ಮಕೇಂದ್ರದ ಒಬ್ಬ ಹಿರಿಯರು ಆಕ್ಷೇಪವೆತ್ತಿದರು: "ಹಸಿದವನಿಗೆ ಮರ್ಯಾದೆಗಿಂತ ಅನ್ನ ದೊಡ್ಡದು ಫಾದರ್, ನೀವು ಸುಮ್ಮನೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ." ಈ ಮಾತನ್ನು ತಳ್ಳಿಹಾಕಲಾರೆ. ಬರಗಾಲದಲ್ಲಿ ಯಾರೂ ರೊಟ್ಟಿಯ ವಯಸ್ಸು ಕೇಳುವುದಿಲ್ಲ. ಆದರೆ 2013ರಿಂದ ಅನ್ನಭಾಗ್ಯದ ಅಕ್ಕಿ ಬಡವರ ಮನೆಗಳಿಗೆ ಬರುತ್ತಿದೆ. ಆ ದಿನ ಆ ತಾಯಿಯ ಮನೆಯಲ್ಲಿ ಹಿಟ್ಟಿತ್ತು, ಬೆಲ್ಲವಿತ್ತು. ಅವರು ನನ್ನಿಂದ ಕೇಳಿದ್ದು ತುತ್ತನ್ನಲ್ಲ. ನೀನೂ ಇದನ್ನು ಉಣ್ಣುತ್ತೀಯಾ ಎಂದು ಕೇಳಿದರು, ಅಷ್ಟೇ.

ಸರೆಪ್ತದ ವಿಧವೆಯ ಕಥೆಯನ್ನು ನೆನೆಯಿರಿ. ಮಡಕೆಯಲ್ಲಿ ಒಂದು ಹಿಡಿ ಹಿಟ್ಟು, ಕುಡಿಕೆಯಲ್ಲಿ ಸ್ವಲ್ಪ ಎಣ್ಣೆ. ಅಷ್ಟರಲ್ಲೇ ಮೊದಲ ರೊಟ್ಟಿಯನ್ನು ಪ್ರವಾದಿ ಎಲೀಯನಿಗೆ ಸುಟ್ಟುಕೊಟ್ಟಳು. ಕೊನೆಯ ಹಿಟ್ಟಿನ ಮೊದಲ ರೊಟ್ಟಿ! ನಮ್ಮ ರೈತರೂ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಅಂದೇ ಮಾಡಿದ ಕಡಬು, ಸಜ್ಜೆ ರೊಟ್ಟಿ, ಭಜ್ಜಿ ಒಯ್ಯುತ್ತಾರೆ. ತಾವು ಉಣ್ಣುವ ಮೊದಲು ಮಣ್ಣಿಗೆ ಅದನ್ನೇ ಕೊಟ್ಟು, ಆಮೇಲೆ ಅದೇ ಬುತ್ತಿಯ ಸುತ್ತ ಕೂಡುತ್ತಾರೆ.

ಕುಟುಂಬದ ಪುಟ ಓದುತ್ತಿರುವ ನಿಮಗೆ ಒಂದು ಮಾತು ಕೇಳುತ್ತೇನೆ, ಬೇಸರಿಸಬೇಡಿ. ನಿಮ್ಮ ಮನೆಯಲ್ಲಿ ನಿನ್ನೆಯ ರೊಟ್ಟಿ ಯಾರ ತಟ್ಟೆಗೆ ಬೀಳುತ್ತದೆ? ಗಂಡನಿಗೆ ಬಿಸಿಯದು, ಮಕ್ಕಳಿಗೆ ಬಿಸಿಯದು, ತಣ್ಣಗಿನದು ಸದ್ದಿಲ್ಲದೆ ತಾಯಿಗೆ ಇಲ್ಲವೆ ಸೊಸೆಗೆ. "ನನಗೆ ಇದೇ ರುಚಿ" ಎಂದು ಅವರೇ ಹೇಳುತ್ತಾರೆ, ನಾವೂ ನಂಬುತ್ತೇವೆ. ಅದನ್ನು ತ್ಯಾಗವೆಂದು ಪ್ರಸಂಗದಲ್ಲಿ ಹೊಗಳಿದವರಲ್ಲಿ ನಾನೂ ಒಬ್ಬ. ಹತ್ತು ಜನರ ಮನೆಯಲ್ಲಿ ತ್ಯಾಗ ಪ್ರತಿದಿನ ಒಬ್ಬಳ ಪಾಲಿಗೇ ಬರುತ್ತಿದ್ದರೆ ಅದಕ್ಕೆ ಬೇರೆ ಹೆಸರಿರಬೇಕು. ಕುಟ್ಟಿ ಬೆಲ್ಲ ಬೆರೆಸಿದರೆ ಅದೇ ರೊಟ್ಟಿಯನ್ನು ಎಲ್ಲರೂ ತಿನ್ನಬಹುದು. ಕುಟ್ಟುವ ಕೆಲಸವನ್ನು ಗಂಡಸರು ಮಾಡಿದರೆ ಒರಳೇನೂ ಬೇಡವೆನ್ನುವುದಿಲ್ಲ.

ಮರುವರ್ಷ ಕ್ರಿಸ್ಮಸ್ ದಿನ ಬಲಿಪೂಜೆ ಮುಗಿದ ಕೂಡಲೇ, ಬಂದ ಮೊದಲ ಕೇಕನ್ನು ಕತ್ತರಿಸದೆ ಮುದನಾಳಕ್ಕೆ ಒಯ್ದೆ. ಆ ಮನೆಗೆ ಬೀಗ ಹಾಕಿತ್ತು. ಮಗ ಸೊಸೆಯೊಡನೆ ಆ ತಾಯಿಯೂ ಬೆಂಗಳೂರಿಗೆ ಗುಳೆ ಹೋಗಿದ್ದಾರೆಂದು ಪಕ್ಕದವರು ಹೇಳಿದರು. ಅವರ ಮನೆಯಲ್ಲಿಯೇ ಕೂತು ಕೇಕು ಕತ್ತರಿಸಿದೆವು. ನಾನೂ ಎರಡು ತುಂಡು ತಿಂದೆ.