ಕೋಪದ ಬೇರಿನಲ್ಲಿರುವ ದುಃಖ

ಚೌಡಾಪುರದ ಆಸುಪಾಸಿನ ರೈತರಿಗೆ ತೊಗರಿಯ ನೆಟೆ ರೋಗವನ್ನು ವಿವರಿಸಬೇಕಾಗಿಲ್ಲ. 2022ರಲ್ಲಿ ಕಲಬುರಗಿ ಜಿಲ್ಲೆಯ ಎಷ್ಟೋ ಹೊಲಗಳಲ್ಲಿ ಬೆಳೆದು ನಿಂತ ಗಿಡಗಳು ನಿಂತಲ್ಲೇ ಒಣಗಿದವು. ಬಾಡುವುದು ಎಲೆ, ಆದರೆ ರೋಗ ಹಿಡಿಯುವುದು ಬೇರಿಗೆ.

ನಮ್ಮ ಕೋಪವೂ ಹಾಗೆಯೇ. ಬೆಳೆ ಕಳೆದುಕೊಂಡವನು ಮನೆಗೆ ಬಂದು, ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಪತ್ನಿಯನ್ನು ಗದರುತ್ತಾನೆ. ನೋಟ್ ಪುಸ್ತಕಕ್ಕೆ ಹಣ ಕೇಳಿದ ಮಗನ ಮೇಲೆ ಕೈ ಎತ್ತುತ್ತಾನೆ. ತಪ್ಪು ಉಪ್ಪಿನದೇ? ಮಗನದೇ? ಅಲ್ಲ. ಬೇರಿನಲ್ಲಿರುವುದು ಸಾಲದ ಭಯ, ನಷ್ಟದ ದುಃಖ.

ದುಃಖಪಡುವುದು ಈಮಾನಿನ ಕೊರತೆಯಲ್ಲ. ಪುಟ್ಟ ಮಗ ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಪ್ರವಾದಿವರ್ಯರು(ಸ) ಕಣ್ಣೀರು ಸುರಿಸಿದರು. ಅಚ್ಚರಿಪಟ್ಟ ಸಂಗಾತಿಗೆ, ಇದು ಕರುಣೆಯೆಂದು ತಿಳಿಸಿದರು. ಅಂದೇ ಸೂರ್ಯಗ್ರಹಣವಾಯಿತು. ಮಗುವಿನ ಮರಣದಿಂದಲೇ ಹೀಗಾಯಿತೆಂದು ಜನರಾಡಿದಾಗ ಅವರು ಒಪ್ಪಲಿಲ್ಲ. ಯಾರ ಸಾವಿಗೂ ಗ್ರಹಣ ಹಿಡಿಯುವುದಿಲ್ಲವೆಂದು ತಿದ್ದಿದರು. ಕಣ್ಣು ಅತ್ತಿತು, ಆದರೆ ನಾಲಗೆ ಸತ್ಯದ ಗೆರೆ ದಾಟಲಿಲ್ಲ.

ಭಯವನ್ನು ಹೇಳಿಕೊಳ್ಳುವುದೂ ಅವಮಾನವಲ್ಲ. ಹಿರಾ ಗುಹೆಯಿಂದ ನಡುಗುತ್ತಾ ಬಂದ ಪ್ರವಾದಿಯವರು(ಸ) ತಮ್ಮ ಭಯವನ್ನು ಪತ್ನಿ ಖದೀಜಾರ(ರ) ಮುಂದೆ ತೋಡಿಕೊಂಡರು. ಆ ಮಹಿಳೆ ಅವರಿಗೆ ಧೈರ್ಯ ತುಂಬಿದರು. ನಮ್ಮ ಮನೆಯ ಖದೀಜಾಳಿಗೆ ನಾವು ಕೊಡುವುದು ಬರೀ ಬೈಗುಳವೇ?

ಆದ್ದರಿಂದ ಕೋಪ ಏರಿದಾಗ ಮೊದಲು ಬಾಯಿ ಮುಚ್ಚಿರಿ. ನಿಂತಿದ್ದರೆ ಕುಳಿತುಕೊಳ್ಳಿರಿ, ಆಗಲೂ ಇಳಿಯದಿದ್ದರೆ ಮಲಗಿರಿ ಎಂಬುದು ಪ್ರವಾದಿ(ಸ) ಬೋಧನೆ. ನಿಂತವನ ಕೈ ಬೇಗನೆ ಮುಂದೆ ಹೋಗುತ್ತದೆ, ಮಲಗಿದವನ ಕೈ ಹೋಗುವುದಿಲ್ಲ. ವುಝೂ ಮಾಡಿರಿ. ಆಮೇಲೆ, 'ನನ್ನನ್ನು ನಿಜವಾಗಿ ಕಾಡುತ್ತಿರುವುದೇನು?' ಎಂದು ನಿಮ್ಮನ್ನೇ ಕೇಳಿಕೊಳ್ಳಿರಿ.

ಉತ್ತರ ಸಿಕ್ಕಿದ ಮೇಲೆ ಕೈಕಟ್ಟಿ ಕೂರಬಾರದು. ಯಾಕೂಬ್(ಅ) ಮಗನ ಅಗಲಿಕೆಯಿಂದ ಅತ್ತು ಕಣ್ಣು ಕಳೆದುಕೊಂಡರು, ತಮ್ಮ ನೋವನ್ನು ಅಲ್ಲಾಹನಲ್ಲಿ ತೋಡಿಕೊಂಡರು. ಆದರೂ ನಿರಾಶರಾಗದೆ ಯೂಸುಫ್‌ರನ್ನು(ಅ) ಹುಡುಕಲು ಮಕ್ಕಳನ್ನು ಕಳುಹಿಸಿದರು. ದುಆ ಮತ್ತು ಪ್ರಯತ್ನ ಜೊತೆಜೊತೆಗೆ ಸಾಗಿದವು. ಸಾಲದ ವಿಷಯವನ್ನು ಮನೆಯವರೊಂದಿಗೆ ಕುಳಿತು ಮಾತಾಡಿರಿ. ಬದುಕೇ ಬೇಡವೆನಿಸಿದರೆ ಒಂಟಿಯಾಗಿರಬೇಡಿರಿ. ನಂಬಿಕಸ್ಥರಿಗೆ ತಿಳಿಸಿರಿ, ವೈದ್ಯರನ್ನು ಕಾಣಿರಿ. ಚಿಕಿತ್ಸೆಯು ತವಕ್ಕುಲ್‌ಗೆ ವಿರುದ್ಧವಲ್ಲ.

ಸಹೋದರರೇ, ಎದುರಾಳಿಯನ್ನು ಕೆಡಹುವವನಲ್ಲ, ಕೋಪ ಬಂದಾಗ ತನ್ನನ್ನು ಹಿಡಿದಿಟ್ಟುಕೊಳ್ಳುವವನೇ ಬಲಶಾಲಿಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಿನ್ನೆ ಮಗನಿಗೆ ಹೊಡೆದಿದ್ದರೆ ಇಂದು ಅವನನ್ನು ಬಳಿಗೆ ಕರೆದು, ತಪ್ಪಾಯಿತೆನ್ನಿರಿ. ಅದರಿಂದ ತಂದೆಯ ಗೌರವ ಕುಂದದು. ಅಲ್ಲಾಹನು ನಮ್ಮ ಮನೆಗಳನ್ನು ಶಾಂತಿಯ ನೆಲೆಗಳನ್ನಾಗಿ ಮಾಡಲಿ. ಆಮೀನ್.